ಫೋಟಾನಿನ ಪಾಠ ಹೈಸ್ಕೂಲಿಗೆ ಬರಲಿ, ಕನ್ನಡದಲ್ಲಿ ಬರಲಿ: ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಕೇರಳ ರಾಜ್ಯದ ಶಾಲಾ ಪಠ್ಯಕ್ರಮವನ್ನೂ ಪಠ್ಯಪುಸ್ತಕಗಳನ್ನೂ ರೂಪಿಸುವ ಮಾನ್ಯರಿಗೆ, ತಿರುವನಂತಪುರ.

ಪ್ರತಿ: ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ವಿಜ್ಞಾನ ಅಧ್ಯಾಪಕರ ಗಮನಕ್ಕೆ.

ಮಾನ್ಯರೇ,

ನಮ್ಮ ರಾಜ್ಯದ ಹೈಸ್ಕೂಲು ತರಗತಿಗಳಲ್ಲಿ ಮಕ್ಕಳು ಬೆಳಕಿನ ಬಗ್ಗೆ ಕಲಿಯುವುದು ಕಡಿಮೆಯೇನಲ್ಲ. ಕನ್ನಡಿಯ ಪ್ರತಿಫಲನ, ಮಸೂರದ ವಕ್ರೀಭವನ, ಪ್ರಿಸ್ಮಿನಲ್ಲಿ ಬಣ್ಣಗಳು ಬೇರ್ಪಡುವ ಬಗೆ, ಆಕಾಶವನ್ನು ನೀಲಿಯಾಗಿಸುವ ಚದರುವಿಕೆ, ಕಣ್ಣಿನ ದೋಷ ಮತ್ತು ಅದಕ್ಕೆ ತಕ್ಕ ಕನ್ನಡಕ, ಇಷ್ಟನ್ನೂ ಅವರು ಎಸ್‌ಎಸ್‌ಎಲ್‌ಸಿ ಮುಗಿಯುವುದರೊಳಗೆ ಕನ್ನಡದಲ್ಲಿಯೇ ಕಲಿಯುತ್ತಾರೆ. 2019ರ ಡಿಸೆಂಬರ್ 26ರಂದು ಚೆರುವತ್ತೂರಿನ ಮೇಲೆ ಕಂಕಣ ಸೂರ್ಯಗ್ರಹಣ ಹಾದುಹೋದಾಗ ಮರದ ಎಲೆಗಳ ಸಂದಿನಿಂದ ನೆಲದ ಮೇಲೆ ಬಿದ್ದ ಬಳೆಯಾಕಾರದ ಬಿಂಬಗಳನ್ನು ವಿವರಿಸಲು ಅಷ್ಟು ಪಾಠ ಸಾಕಾಗಿತ್ತು. ಆದರೆ ಇವೆಲ್ಲವೂ 1900ಕ್ಕೆ ಮೊದಲೇ ತಿಳಿದಿದ್ದ ಸಂಗತಿಗಳು. ಅಲ್ಲಿಂದ ಈಚೆಗೆ ಬೆಳಕಿನ ಬಗ್ಗೆ ಮನುಷ್ಯರಿಗೆ ತಿಳಿದುಬಂದದ್ದನ್ನು, ಅಂದರೆ ಬೆಳಕು ತನ್ನ ಶಕ್ತಿಯನ್ನು ಫೋಟಾನುಗಳೆಂಬ ಇಡಿಯಾದ ಗಂಟುಗಳಲ್ಲಿಯೇ ಕೊಡುತ್ತದೆ ಮತ್ತು ಆ ಗಂಟುಗಳ ನಡವಳಿಕೆಯನ್ನು ಸಂಭವನೀಯತೆಯ ಲೆಕ್ಕದಿಂದ ಮಾತ್ರ ಹೇಳಲು ಸಾಧ್ಯ ಎಂಬುದನ್ನು, ನಾವು ಪ್ಲಸ್ ಟು ಕೊನೆಯ ಭಾಗದ ಒಂದು ಅಧ್ಯಾಯಕ್ಕೆ ಎತ್ತಿಟ್ಟಿದ್ದೇವೆ. ಆ ಅಧ್ಯಾಯ ಬರುವ ಹೊತ್ತಿಗೆ ಪರೀಕ್ಷೆ ಹತ್ತಿರವಾಗಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪುಸ್ತಕದ ಭಾಷೆಯೂ ಅಷ್ಟರಲ್ಲಿ ಇಂಗ್ಲಿಷ್ ಆಗಿರುತ್ತದೆ. ಹೈಸ್ಕೂಲಿನಲ್ಲಿಯೇ, ಕನ್ನಡದಲ್ಲಿಯೇ, ಕೈಯಾರೆ ಮಾಡಬಹುದಾದ ಪ್ರಯೋಗಗಳ ಮೂಲಕ ಫೋಟಾನಿನ ಪಾಠವನ್ನು ಆರಂಭಿಸಬೇಕೆಂದು ಕೋರುವುದೇ ಈ ಪತ್ರದ ಉದ್ದೇಶ.

ಈಗ ಆ ಅಧ್ಯಾಯದಿಂದ ವಿದ್ಯಾರ್ಥಿಯ ತಲೆಯಲ್ಲಿ ಉಳಿಯುವುದು ಏನು ಎಂಬುದನ್ನು ಮೊದಲು ಹೇಳಬೇಕು. ಶಕ್ತಿಯೆಂದರೆ ಪ್ಲಾಂಕ್ ಸ್ಥಿರಾಂಕ ಮತ್ತು ಆವೃತ್ತಿಯ ಗುಣಲಬ್ಧ ಎಂಬ ಸೂತ್ರ ಉಳಿಯುತ್ತದೆ, ಅದರಲ್ಲಿ ಅಂಕಿಗಳನ್ನು ತುಂಬಿ ಉತ್ತರ ತೆಗೆಯುವ ಅಭ್ಯಾಸ ಉಳಿಯುತ್ತದೆ. ಅದರ ಜೊತೆಗೆ ‘ಬೆಳಕು ಕೆಲವೊಮ್ಮೆ ಅಲೆಯಂತೆ, ಕೆಲವೊಮ್ಮೆ ಕಣದಂತೆ ವರ್ತಿಸುತ್ತದೆ’ ಎಂಬ ವಾಕ್ಯವೊಂದು ಉಳಿಯುತ್ತದೆ. ಈ ವಾಕ್ಯಕ್ಕೆ ಅಂಕ ಸಿಗುತ್ತದೆ, ಅರ್ಥ ಮಾತ್ರ ಸಿಗುವುದಿಲ್ಲ. ಚುರುಕಾದ ವಿದ್ಯಾರ್ಥಿನಿ ಒಬ್ಬಳು ಎದ್ದು ನಿಂತು, ‘ಯಾವಾಗ ಅಲೆಯಾಗಬೇಕು, ಯಾವಾಗ ಕಣವಾಗಬೇಕು ಎಂದು ಬೆಳಕಿಗೆ ಹೇಳುವವರು ಯಾರು ಸರ್?’ ಎಂದು ಕೇಳಿದರೆ ಆ ವಾಕ್ಯದ ಬಲ ಅಲ್ಲಿಗೆ ಮುಗಿಯುತ್ತದೆ. ಇಂತಹ ಪ್ರಶ್ನೆ ತರಗತಿಯಲ್ಲಿ ಬಾರದೆ ಇರುವುದೇ ಹೆಚ್ಚು. ಬಾರದಿರಲು ಮಕ್ಕಳ ಮಂಕುತನ ಕಾರಣವಲ್ಲ. ಹೊಸದಾಗಿ ಕಲಿಯುತ್ತಿರುವ ಭಾಷೆಯಲ್ಲಿ ಪ್ರಶ್ನೆ ಕಟ್ಟುವುದೇ ಅವರಿಗೆ ಕಷ್ಟ.

ಎರಡನೆಯ ತೊಂದರೆ ಚಿತ್ರದ್ದು. ಫೋಟಾನ್ ಎಂದಾಕ್ಷಣ ಬಹಳ ಮಂದಿ ಅಧ್ಯಾಪಕರು, ಪುಸ್ತಕದ ಚಿತ್ರಕಾರರು ಕೂಡ, ಕಡಲೆಕಾಳು ಎರಚಿದಂತೆ ದೀಪದಿಂದ ಪುಟ್ಟ ಗುಂಡುಗಳು ಹೊರಟು ಬರುವುದನ್ನು ಬರೆದು ತೋರಿಸುತ್ತಾರೆ. ಕಡಲೆಕಾಳಿಗೆ ಪ್ರತಿ ಕ್ಷಣದಲ್ಲಿಯೂ ಒಂದು ಜಾಗವಿದೆ, ಎರಡು ಸೀಳುಗಳಿದ್ದರೆ ಅದು ಒಂದರಲ್ಲಿ ಮಾತ್ರ ತೂರುತ್ತದೆ, ಒಂದು ಕಾಳಿನಿಂದ ಇನ್ನೊಂದನ್ನು ಗುರುತು ಹಾಕಿ ಬೇರೆ ಮಾಡಬಹುದು. ಫೋಟಾನಿಗೆ ಈ ಮೂರರಲ್ಲಿ ಒಂದೂ ಹೊಂದುವುದಿಲ್ಲ. ಮೊದಲು ಈ ಚಿತ್ರವನ್ನು ಕೊಟ್ಟು, ಆಮೇಲೆ ಅದು ಹಾಗಲ್ಲ ಎಂದು ಅಳಿಸುವ ಬದಲು, ಆರಂಭದಿಂದಲೇ ಬೇರೆ ದಾರಿ ಹಿಡಿಯಬಹುದು ಎಂಬುದು ನನ್ನ ವಾದ.

ಆ ದಾರಿ ಯಾವುದೆಂದು ತಿಳಿಯಲು ಚರಿತ್ರೆಯನ್ನು ಸ್ವಲ್ಪ ಜಾಗ್ರತೆಯಿಂದ ನೋಡಬೇಕಾಗುತ್ತದೆ. ಮ್ಯಾಕ್ಸ್ ಪ್ಲಾಂಕ್ 1900ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಮಂಡಿಸಿದ್ದು, ಕಾದ ವಸ್ತು ಹೊರಸೂಸುವ ಬೆಳಕಿನ ಲೆಕ್ಕ ಕೂಡಿಬರಬೇಕಾದರೆ ಶಕ್ತಿಯನ್ನು ಗಂಟುಗಳಾಗಿ ಎಣಿಸಬೇಕು ಎಂಬುದನ್ನು. ಬೆಳಕೇ ಗಂಟುಗಳಾಗಿದೆ ಎಂದು ಅವರು ಆಗ ಹೇಳಲಿಲ್ಲ. ಅತಿನೇರಳೆ ಬೆಳಕು ಬಿದ್ದಾಗ ಲೋಹದ ತುದಿಗಳ ನಡುವೆ ಕಿಡಿ ಸುಲಭವಾಗಿ ಹಾರುವುದನ್ನು ಹರ್ಟ್ಸ್ 1887ರಲ್ಲಿಯೇ ಕಂಡಿದ್ದರು. ಹೀಗೆ ಬೆಳಕು ಬಿದ್ದ ಲೋಹದಿಂದ ಹೊರಬರುವ ಎಲೆಕ್ಟ್ರಾನುಗಳ ಗರಿಷ್ಠ ಶಕ್ತಿ ಬೆಳಕಿನ ತೀವ್ರತೆಯನ್ನು ಅವಲಂಬಿಸುವುದಿಲ್ಲ ಎಂದು ಲೆನಾರ್ಡ್ 1902ರಲ್ಲಿ ತೋರಿಸಿದರು. ಇವನ್ನು ಇಟ್ಟುಕೊಂಡು 1905ರಲ್ಲಿ ಐನ್‌ಸ್ಟೈನ್, ಬೆಳಕು ಹೀರಲ್ಪಡುವುದೂ ಹೊರಬರುವುದೂ ಮಾತ್ರವಲ್ಲ, ಸಂಚರಿಸುವುದೂ ಗಂಟುಗಳಲ್ಲಿಯೇ ಎಂದು ಊಹಿಸಿದರು. ಅವರಿಗೆ 1921ರ ನೊಬೆಲ್ ಪಾರಿತೋಷಕ ದೊರೆತದ್ದು ಬೆಳಕು ಲೋಹದಿಂದ ಎಲೆಕ್ಟ್ರಾನನ್ನು ಬಿಡಿಸುವ ಈ ದ್ಯುತಿವಿದ್ಯುತ್ ಪರಿಣಾಮದ ನಿಯಮಕ್ಕಾಗಿ. ಇಷ್ಟು ಎಲ್ಲ ಪುಸ್ತಕಗಳಲ್ಲಿಯೂ ಇದೆ. ಆದರೆ ಅದೇ ನಿಯಮವನ್ನು ವರ್ಷಗಟ್ಟಲೆ ಶ್ರಮಿಸಿ 1916ರ ಹೊತ್ತಿಗೆ ನಿಖರವಾಗಿ ಅಳೆದು ಸರಿಯೆಂದು ತೋರಿಸಿದ ಮಿಲಿಕನ್, ಸಮೀಕರಣವನ್ನು ಒಪ್ಪಿಯೂ ಬೆಳಕಿನ ಗಂಟುಗಳನ್ನು ಒಪ್ಪಲಿಲ್ಲ ಎಂಬುದನ್ನು ಮಕ್ಕಳಿಗೆ ಹೇಳುವವರು ಕಡಿಮೆ. ಅಳತೆ ಸರಿಹೋದ ಮೇಲೂ ವಿವರಣೆಯ ಬಗ್ಗೆ ಅನುಮಾನ ಉಳಿಯಬಹುದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಮಿಲಿಕನ್ನರ ಅನುಮಾನ ಹಠಮಾರಿತನವಾಗಿರಲಿಲ್ಲ. ಬೆಳಕನ್ನು ಹಳೆಯ ಅಲೆಯಾಗಿಯೇ ಇಟ್ಟುಕೊಂಡು, ಲೋಹದೊಳಗಿನ ಎಲೆಕ್ಟ್ರಾನುಗಳಿಗೆ ಮಾತ್ರ ಶಕ್ತಿಯನ್ನು ಗಂಟುಗಳಲ್ಲಿ ಎಣಿಸುವ ಕ್ವಾಂಟಂ ನಿಯಮಗಳನ್ನು ಅನ್ವಯಿಸಿದರೂ ದ್ಯುತಿವಿದ್ಯುತ್ ಪರಿಣಾಮದ ಮುಖ್ಯ ಲಕ್ಷಣಗಳನ್ನು ಪಡೆಯಬಹುದೆಂದು 1969ರಲ್ಲಿ ವಿಲ್ಲಿಸ್ ಲ್ಯಾಂಬ್ ಮತ್ತು ಮಾರ್ಲನ್ ಸ್ಕಲ್ಲಿ ತೋರಿಸಿದರು. ಹಾಗಾಗಿ ‘ದ್ಯುತಿವಿದ್ಯುತ್ ಪರಿಣಾಮದಿಂದ ಬೆಳಕು ಕಣವೆಂದು ಸಾಬೀತಾಯಿತು’ ಎಂಬ, ನಾವೆಲ್ಲ ಬರೆಸುವ ಟಿಪ್ಪಣಿ ಕಟ್ಟುನಿಟ್ಟಾಗಿ ನೋಡಿದರೆ ಸರಿಯಲ್ಲ. ಬೆಳಕು ಮತ್ತು ವಸ್ತುವಿನ ನಡುವಿನ ಶಕ್ತಿಯ ಕೊಡುಕೊಳ್ಳುವಿಕೆ ಬಣ್ಣವನ್ನು ಅವಲಂಬಿಸಿದ ನಿಶ್ಚಿತ ಗಾತ್ರದ ಗಂಟುಗಳಲ್ಲಿ ನಡೆಯುತ್ತದೆ ಎಂಬಷ್ಟನ್ನೇ ಅದು ತೋರಿಸುತ್ತದೆ. ಕಾಂಪ್ಟನ್ 1923ರಲ್ಲಿ ಎಕ್ಸ್ ಕಿರಣಗಳು ಎಲೆಕ್ಟ್ರಾನಿಗೆ ಬಡಿದು ಚದರುವುದನ್ನು ಅಳೆದು ಆ ಗಂಟಿಗೆ ಸಂವೇಗವೂ ಇದೆಯೆಂದು ತೋರಿಸಿದ ಮೇಲೆ ಹೆಚ್ಚಿನವರ ಮನಸ್ಸು ಒಲಿಯಿತು. ಫೋಟಾನ್ ಎಂಬ ಹೆಸರು ಬಳಕೆಗೆ ಬಂದದ್ದು 1926ರ ನಂತರ.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಯೋಗ ಇನ್ನೂ ಈಚಿನದು, ಮತ್ತು ಅದು ನಮ್ಮ ಶಾಲಾ ಪಾಠಗಳ ಹತ್ತಿರ ಸುಳಿಯುವುದೇ ಇಲ್ಲ. 1986ರಲ್ಲಿ ಫ್ರಾನ್ಸಿನ ಗ್ರಾಂಜಿಯೆ, ರೋಜೆ ಮತ್ತು ಆಸ್ಪೆ ಅವರು ಕ್ಯಾಲ್ಸಿಯಂ ಪರಮಾಣುಗಳಿಂದ ಒಂದೊಂದಾಗಿ ಹೊರಡುವ ಫೋಟಾನುಗಳನ್ನು ಅರ್ಧ ಬೆಳಕನ್ನು ಪ್ರತಿಫಲಿಸಿ ಉಳಿದರ್ಧವನ್ನು ಹಾಯಬಿಡುವ ಕನ್ನಡಿಯ ಮೇಲೆ ಹಾಯಿಸಿದರು. ಎರಡು ದಾರಿಗಳ ಕೊನೆಗೂ ಫೋಟಾನು ಸಿಕ್ಕಾಗ ಸದ್ದು ಮಾಡುವ ಒಂದೊಂದು ಡಿಟೆಕ್ಟರ್ ಇತ್ತು. ಬೆಳಕು ಬರಿಯ ಅಲೆಯಾಗಿದ್ದರೆ ಅದು ಕನ್ನಡಿಯಲ್ಲಿ ಇಬ್ಭಾಗವಾಗಿ, ಎರಡೂ ಡಿಟೆಕ್ಟರುಗಳು ಒಮ್ಮೆಗೇ ಸದ್ದು ಮಾಡುವ ಸಂದರ್ಭಗಳು ಒಂದು ನಿಶ್ಚಿತ ಮಿತಿಗಿಂತ ಕಡಿಮೆಯಾಗುವಂತಿರಲಿಲ್ಲ. ಅಳತೆಯಲ್ಲಿ ಅವು ಆ ಮಿತಿಗಿಂತ ಬಹಳ ಕೆಳಗಿದ್ದವು. ಸದ್ದು ಮಾಡುತ್ತಿದ್ದದ್ದು ಈ ಡಿಟೆಕ್ಟರ್ ಇಲ್ಲವೇ ಆ ಡಿಟೆಕ್ಟರ್. ಬಳಿಕ ಅದೇ ಆಕರದಿಂದ ಹೊರಟ ಅದೇ ಬಗೆಯ ಒಂಟಿ ಫೋಟಾನುಗಳ ಎರಡು ದಾರಿಗಳನ್ನು ಮತ್ತೆ ಒಂದೆಡೆ ಕೂಡಿಸಿದಾಗ ವ್ಯತಿಕರಣದ, ಎಂದರೆ ಅಲೆಗಳು ಒಂದರ ಮೇಲೊಂದು ಕೂಡಿದಾಗ ಕಾಣುವ ಬೆಳಕು ಕತ್ತಲೆಯ, ಪಟ್ಟಿಗಳು ಸ್ಪಷ್ಟವಾಗಿ ಮೂಡಿದವು. ಒಂದೇ ಒಂದು ಫೋಟಾನ್ ಇದ್ದಾಗಲೂ ಎರಡೂ ದಾರಿಗಳು ಲೆಕ್ಕಕ್ಕೆ ಬರುತ್ತವೆ, ಸಿಕ್ಕುವಾಗ ಮಾತ್ರ ಅದು ಒಂದೇ ಕಡೆ ಇಡಿಯಾಗಿ ಸಿಗುತ್ತದೆ. ಇಷ್ಟು ಹೇಳಿದರೆ ಮೇಲಿನ ವಿದ್ಯಾರ್ಥಿನಿಗೆ ಉತ್ತರ ಕೊಟ್ಟಂತಾಗುತ್ತದೆ: ಬೆಳಕು ಅಲೆಯಾಗಿ ಇದ್ದು ಆಮೇಲೆ ಕಣವಾಗಿ ವೇಷ ಬದಲಿಸುವುದಿಲ್ಲ, ಎಲ್ಲಿ ಸಿಗಬಹುದು ಎಂಬ ಸಂಭವನೀಯತೆ ಅಲೆಯ ನಿಯಮದಂತೆ ಹರಡುತ್ತದೆ, ಸಿಗುವುದು ಮಾತ್ರ ಯಾವಾಗಲೂ ಇಡಿಯಾಗಿ. ಆಲೇನ್ ಆಸ್ಪೆ ಅವರಿಗೆ ಕ್ಲಾಸರ್ ಮತ್ತು ಝೈಲಿಂಗರ್ ಅವರೊಂದಿಗೆ 2022ರಲ್ಲಿ ನೊಬೆಲ್ ದೊರೆತದ್ದು ಇದಕ್ಕೆ ನೆರೆಯಲ್ಲಿಯೇ ಇರುವ ಕೆಲಸಕ್ಕೆ, ದೂರವಿದ್ದರೂ ಅಳತೆಗಳು ಒಂದಕ್ಕೊಂದು ಹೊಂದುವಂತೆ ಹೆಣೆದುಕೊಂಡ ಫೋಟಾನುಗಳ ಪ್ರಯೋಗಗಳಿಗೆ.

ಇದು ಹೈಸ್ಕೂಲಿಗೆ ಮೀರಿದ ವಿಷಯ ಎಂಬ ಆಕ್ಷೇಪ ಬರುತ್ತದೆ ಎಂದು ಬಲ್ಲೆ. ಆದರೆ ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಪರಮಾಣುವಿನ ಎಲೆಕ್ಟ್ರಾನುಗಳನ್ನು ಕವಚಗಳಲ್ಲಿ ತುಂಬುವುದನ್ನು ನಾವು ಕಲಿಸುತ್ತಿದ್ದೇವೆ. ಆ ಕವಚಗಳು ಏಕೆ ಅಷ್ಟೇ, ನಡುವೆ ಏಕಿಲ್ಲ ಎಂಬುದಕ್ಕೆ ಉತ್ತರ ಕ್ವಾಂಟಂ ನಿಯಮವಲ್ಲದೆ ಬೇರೆಯಿಲ್ಲ. ಅದನ್ನು ಕಾರಣ ಹೇಳದೆ ಬಾಯಿಪಾಠ ಮಾಡಿಸುವುದು ಕಠಿಣವೆಂದು ಯಾರೂ ಆಕ್ಷೇಪಿಸಿದ್ದನ್ನು ಕಾಣೆ. ಉಪ್ಪನ್ನು ಜ್ವಾಲೆಗೆ ಹಾಕಿದರೆ ಹಳದಿ ಬಣ್ಣ ಬರುತ್ತದೆ. ಸೋಡಿಯಂ ಪರಮಾಣುವಿನ ಎರಡು ಮಟ್ಟಗಳ ನಡುವಿನ ಅಂತರಕ್ಕೆ ಸರಿಯಾದ ಫೋಟಾನು, ಪರಮಾಣುವಿನ ಮಟ್ಟದ ಶಕ್ತಿಯನ್ನು ಅಳೆಯುವ ಮಾನದಲ್ಲಿ, ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್‌ನದು, ಅದರ ತರಂಗಾಂತರ 589 ನ್ಯಾನೋಮೀಟರ್. ಕವಚಗಳ ಪಾಠಕ್ಕೆ ಬೆಳಕಿನ ಈ ಒಂದು ಪುಟವನ್ನು ಸೇರಿಸಿದರೆ ರಸಾಯನಶಾಸ್ತ್ರವೂ ಹಗುರಾಗುತ್ತದೆ. ಇದಕ್ಕೆ ಬೇಕಾದ ಗಣಿತ ಒಂದು ಭಾಗಾಕಾರ: 1240ನ್ನು ನ್ಯಾನೋಮೀಟರಿನಲ್ಲಿ ಹೇಳಿದ ತರಂಗಾಂತರದಿಂದ ಭಾಗಿಸಿದರೆ ಒಂದು ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಗುತ್ತದೆ. 6.626 × 10⁻³⁴ ಎಂಬ ಪ್ಲಾಂಕ್ ಸ್ಥಿರಾಂಕದ ಅಂಕಿಯನ್ನು ಮೊದಲ ದಿನವೇ ಕರಿಹಲಗೆಯ ಮೇಲೆ ಬರೆದು ಮಕ್ಕಳನ್ನು ಹೆದರಿಸುವ ಅಗತ್ಯವಿಲ್ಲ.

ಪ್ರಯೋಗಗಳ ಮಾತಿಗೆ ಬರುತ್ತೇನೆ. ಪುಸ್ತಕಗಳು ಮೆಚ್ಚುವ ಪ್ರಯೋಗ ಸತುವಿನ ಫಲಕ ಮತ್ತು ವಿದ್ಯುದ್ದರ್ಶಕದ್ದು, ಅಂದರೆ ವಿದ್ಯುದಾವೇಶವಿದ್ದರೆ ಎಲೆಗಳು ಬಿಚ್ಚಿಕೊಂಡು ತೋರಿಸುವ ಉಪಕರಣದ್ದು. ಸತುವಿನಿಂದ ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್ ಬೇಕು, ಎಂದರೆ 290 ನ್ಯಾನೋಮೀಟರಿಗಿಂತ ಕಿರಿದಾದ ಅತಿನೇರಳೆ ಬೆಳಕು ಬೇಕು. ಅಂತಹ ದೀಪ ಮಕ್ಕಳ ಕಣ್ಣಿಗೂ ಚರ್ಮಕ್ಕೂ ಅಪಾಯ. ಸುರಕ್ಷಿತವಾದ ಟಾರ್ಚಿನಿಂದ ಕೆಲಸವಾಗುವುದಿಲ್ಲ. ಅದರ ಮೇಲೆ ನಮ್ಮ ಶಾಲೆಗಳು ತೆರೆಯುವುದೇ ಜೂನ್ ತಿಂಗಳಲ್ಲಿ. ಆಟಿ ತಿಂಗಳ ಮಳೆ ಮುಗಿಯುವವರೆಗೆ ಕುಂಬಳೆಯಲ್ಲಾಗಲಿ ಮುಳ್ಳೇರಿಯದಲ್ಲಾಗಲಿ ವಿದ್ಯುದ್ದರ್ಶಕದ ಎಲೆಗಳು ಒದ್ದೆ ಗಾಳಿಯಲ್ಲಿ ಬೆಳಕಿನ ಹಂಗಿಲ್ಲದೆಯೇ ಮುಚ್ಚಿಕೊಳ್ಳುತ್ತವೆ. ಇದನ್ನು ತಯಾರಿಸಿ ತೋರಿಸಿ ಎಂದು ಕೈಪಿಡಿಯಲ್ಲಿ ಬರೆಯುವುದರಿಂದ ಏನೂ ಪ್ರಯೋಜನವಿಲ್ಲ.

ಅದರ ಜಾಗದಲ್ಲಿ ಇವನ್ನು ಪರಿಗಣಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮಕ್ಕಳು ಮಲಗುವ ಕೋಣೆಯ ಗೋಡೆಗೆ ಅಂಟಿಸುವ, ಕತ್ತಲೆಯಲ್ಲಿ ಹಸಿರಾಗಿ ಹೊಳೆಯುವ ನಕ್ಷತ್ರದ ಸ್ಟಿಕ್ಕರುಗಳು ಪೇಟೆಯಲ್ಲಿ ಸಿಗುತ್ತವೆ. ಕತ್ತಲೆ ಕೋಣೆಯಲ್ಲಿ ಅದರ ಮೇಲೆ ಪ್ರಕಾಶಮಾನವಾದ ಕೆಂಪು ಎಲ್‌ಇಡಿ ಬೆಳಕನ್ನು ಎಷ್ಟು ಹೊತ್ತು ಹಿಡಿದರೂ ಹೊಸ ಹೊಳಪು ಮೂಡುವುದಿಲ್ಲ. ಅಂಗಡಿಗಳಲ್ಲಿ ನೋಟು ಅಸಲಿಯೇ ನಕಲಿಯೇ ಎಂದು ನೋಡಲು ಇಟ್ಟುಕೊಳ್ಳುವ ನೇರಳೆ ಟಾರ್ಚನ್ನು ಒಂದೆರಡು ಸೆಕೆಂಡು ಹಿಡಿದರೆ ಸಾಕು, ಬೆಳಕು ಬಿದ್ದ ಜಾಗವಷ್ಟೇ ಹೊಳೆಯುತ್ತದೆ; ಅದರಿಂದ ಸ್ಟಿಕ್ಕರಿನ ಮೇಲೆ ಹೆಸರು ಕೂಡ ಬರೆಯಬಹುದು. 650 ನ್ಯಾನೋಮೀಟರಿನ ಕೆಂಪು ಫೋಟಾನಿನಲ್ಲಿ 1.9 ಎಲೆಕ್ಟ್ರಾನ್ ವೋಲ್ಟ್, 395 ನ್ಯಾನೋಮೀಟರಿನ ನೇರಳೆಯಲ್ಲಿ 3.1. ಬಡ ಫೋಟಾನುಗಳು ಕೋಟಿಗಟ್ಟಲೆ ಬಂದರೂ ಒಂದರ ಶಕ್ತಿಗೆ ಇನ್ನೊಂದರದ್ದು ಕೂಡಿಕೊಂಡು ಕೆಲಸವಾಗುವುದಿಲ್ಲ ಎಂಬುದನ್ನು ಎಂಟನೆಯ ತರಗತಿಯ ಮಗುವೂ ಕಣ್ಣಾರೆ ಕಾಣಬಲ್ಲದು. ಇದೂ ದ್ಯುತಿವಿದ್ಯುತ್ ಪರಿಣಾಮದಂತೆ ಕೊಡುಕೊಳ್ಳುವಿಕೆಯ ಲೆಕ್ಕವನ್ನಷ್ಟೇ ತೋರಿಸುತ್ತದೆ, ಫೋಟಾನನ್ನು ಸಾಬೀತು ಮಾಡುವುದಿಲ್ಲ. ಅದನ್ನು ಅಧ್ಯಾಪಕರ ಕೈಪಿಡಿಯಲ್ಲಿ ಬಿಡಿಸಿ ಹೇಳಿದರೆ ಆಯಿತು.

ಸ್ವಲ್ಪ ಅರಸಿನ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಕಿ ಸೋಸಿ ತೆಗೆದ ದ್ರಾವಣಕ್ಕೆ ಅದೇ ನೇರಳೆ ಟಾರ್ಚ್ ಹಿಡಿದರೆ ಅದು ಹಸಿರು ಹಳದಿಯಾಗಿ ಮಿನುಗುತ್ತದೆ, ಕೆಂಪು ಬೆಳಕು ಹಿಡಿದರೆ ಸುಮ್ಮನಿರುತ್ತದೆ. ಯಾವುದಾದರೂ ಹಸಿರೆಲೆಯನ್ನು ಅರೆದು ಸ್ಪಿರಿಟ್ಟಿನಲ್ಲಿ ತೆಗೆದ ರಸ ನೇರಳೆ ಬೆಳಕಿನಲ್ಲಿ ರಕ್ತದಂತೆ ಕೆಂಪಾಗಿ ಕಾಣುತ್ತದೆ. ಒಳಗೆ ಹೋದದ್ದು ದೊಡ್ಡ ಗಂಟು, ಹೊರಗೆ ಬಂದದ್ದು ಸಣ್ಣದು, ಉಳಿದದ್ದು ಬಿಸಿಯಾಗಿ ಹೋಯಿತು. ಈ ಎರಡಕ್ಕೂ ಬೇಕಾದ ಸಾಮಾನು ಅಡಿಗೆಮನೆಯಲ್ಲಿ ಮತ್ತು ಶಾಲೆಯ ಅಂಗಳದಲ್ಲಿ ಇದೆ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವುದರಿಂದ ಹತ್ತಿರ ಬೆಂಕಿ ಇರಬಾರದೆಂಬ ಎಚ್ಚರಿಕೆ ಮಾತ್ರ ಬೇಕು.

ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಅಳತೆಯ ಪ್ರಯೋಗವೂ ಸಾಧ್ಯ. ಕೆಂಪು, ಹಳದಿ, ಹಸಿರು, ನೀಲಿ ಎಲ್‌ಇಡಿಗಳನ್ನು ಒಂದೊಂದಾಗಿ ಬ್ಯಾಟರಿ, ಮಿತಿಯ ರೋಧಕ ಮತ್ತು ತಿರುಗಿಸುವ ರೋಧಕಕ್ಕೆ ಜೋಡಿಸಿ, ಯಾವ ವೋಲ್ಟೇಜಿನಲ್ಲಿ ಅದು ಮೊದಲ ಬಾರಿಗೆ ಬೆಳಗತೊಡಗುತ್ತದೆ ಎಂದು ಮಲ್ಟಿಮೀಟರಿನಿಂದ ನೋಡಿದರೆ ಕೆಂಪು ಎರಡು ವೋಲ್ಟಿಗಿಂತ ಕೆಳಗೇ ಬೆಳಗುತ್ತದೆ, ನೀಲಿಗೆ ಎರಡೂವರೆ ವೋಲ್ಟಿನ ಆಸುಪಾಸು ಬೇಕಾಗುತ್ತದೆ. ವೋಲ್ಟೇಜನ್ನು ಆವೃತ್ತಿಗೆ ಎದುರಾಗಿ ಗ್ರಾಫಿನಲ್ಲಿ ಗುರುತಿಸಿದರೆ ಬಿಂದುಗಳು ಹೆಚ್ಚುಕಡಿಮೆ ಒಂದು ಸರಳರೇಖೆಯ ಮೇಲೆ ಬರುತ್ತವೆ, ಅದರ ಓರೆಯಿಂದ ಪ್ಲಾಂಕ್ ಸ್ಥಿರಾಂಕ ಸಿಗುತ್ತದೆ. ಸಿಗುವ ಬೆಲೆ ಕರಾರುವಾಕ್ಕಾಗಿರುವುದಿಲ್ಲ, ಏಕೆಂದರೆ ಬೆಳಗತೊಡಗುವ ಕ್ಷಣವನ್ನು ಕಣ್ಣಿನಿಂದ ನಿರ್ಧರಿಸುವುದು ಕಷ್ಟ, ಅರೆವಾಹಕದೊಳಗಿನ ಬೇರೆ ಕಾರಣಗಳೂ ಅದರಲ್ಲಿ ಸೇರಿಕೊಂಡಿರುತ್ತವೆ. ಆ ತಪ್ಪು ಎಲ್ಲಿಂದ ಬಂತೆಂದು ಚರ್ಚಿಸುವುದೇ ಒಂದು ಪಾಠವಾಗುತ್ತದೆ. ಎಲ್‌ಇಡಿಗಳ ಬೆಲೆ ಒಂದೊಂದಕ್ಕೆ ಕೆಲವೇ ರೂಪಾಯಿ.

ಅಲೆಯ ಬದಿಯನ್ನು ತೋರಿಸಲು ಒಂದು ಮಿಲಿವ್ಯಾಟ್ ಮೀರದ ಕೆಂಪು ಲೇಸರ್ ಪಾಯಿಂಟರ್ ಮತ್ತು ಒಂದು ತಲೆಗೂದಲು ಸಾಕು. 80 ಮೈಕ್ರೋಮೀಟರ್ ದಪ್ಪದ ಕೂದಲಿನ ಮೇಲೆ ಲೇಸರ್ ಬಿಟ್ಟರೆ ಎರಡು ಮೀಟರ್ ದೂರದ ಗೋಡೆಯ ಮೇಲೆ ಸುಮಾರು 16 ಮಿಲಿಮೀಟರಿಗೊಂದರಂತೆ ಕಪ್ಪು ಪಟ್ಟಿಗಳು ಮೂಡುತ್ತವೆ. ಇಲ್ಲಿಯೇ ಮಕ್ಕಳಿಂದ ಒಂದು ಲೆಕ್ಕ ಮಾಡಿಸಬೇಕು. ಒಂದು ಮಿಲಿವ್ಯಾಟ್ ಕೆಂಪು ಲೇಸರಿನಿಂದ ಸೆಕೆಂಡಿಗೆ ಸುಮಾರು 3 × 10¹⁵ ಫೋಟಾನುಗಳು ಹೊರಡುತ್ತವೆ. ಎರಡು ಮೀಟರ್ ದಾರಿಯನ್ನು ಬೆಳಕು ದಾಟಲು ತೆಗೆದುಕೊಳ್ಳುವ ಸಮಯದಲ್ಲಿ ಆ ದಾರಿಯಲ್ಲಿರುವುದು ಸರಾಸರಿ ಎರಡು ಕೋಟಿ. ಎರಡು ಕೋಟಿಯಲ್ಲಿ ಒಂದು ಪಾಲಿಗೆ ಬೆಳಕನ್ನು ಮಬ್ಬು ಮಾಡಿದರೆ ಪಟ್ಟಿಗಳು ಇರುತ್ತವೆಯೇ? 1909ರಲ್ಲಿ ಕೇಂಬ್ರಿಜ್‌ನಲ್ಲಿ ಜೆಫ್ರಿ ಟೇಲರ್ ಎಂಬ ಯುವಕ ಮಸಿ ಬಳಿದ ಗಾಜುಗಳಿಂದ ಗ್ಯಾಸ್ ದೀಪದ ಬೆಳಕನ್ನು ಮಬ್ಬು ಮಾಡಿ, ಸೂಜಿಯೊಂದರ ನೆರಳಿನ ಅಂಚಿನ ಪಟ್ಟಿಗಳನ್ನು ಸುಮಾರು ಮೂರು ತಿಂಗಳ ಕಾಲ ಒಂದೇ ಫಲಕದ ಮೇಲೆ ಹಿಡಿದಾಗಲೂ ಅವು ಮೊದಲಿನಷ್ಟೇ ಸ್ಪಷ್ಟವಾಗಿದ್ದವು. ಮಬ್ಬಾದ ದೀಪದ ಬೆಳಕು ಮತ್ತು ನಿಜವಾಗಿ ಒಂದೊಂದಾಗಿ ಬರುವ ಫೋಟಾನು ಒಂದೇ ಅಲ್ಲ ಎಂಬುದನ್ನು ಸ್ಪಷ್ಟಪಡಿಸಿ, ಅಲ್ಲಿಂದ 1986ರ ಪ್ರಯೋಗಕ್ಕೆ ದಾಟುವುದು ಸಹಜವಾಗುತ್ತದೆ.

ಸಂಭವನೀಯತೆಯ ಅಂಶಕ್ಕೆ ಧ್ರುವೀಕರಣಕ್ಕಿಂತ, ಎಂದರೆ ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೀಮಿತಗೊಳಿಸುವುದಕ್ಕಿಂತ, ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಕೆಟ್ಟ ಕ್ಯಾಲ್ಕುಲೇಟರಿನ ಪರದೆಯಿಂದ ಕಿತ್ತ ಎರಡು ಧ್ರುವಕ ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿ ಹಿಡಿದರೆ ಬೆಳಕು ನಿಂತುಹೋಗುತ್ತದೆ. ಅವೆರಡರ ನಡುವೆ ಮೂರನೆಯದನ್ನು 45 ಡಿಗ್ರಿ ಓರೆಯಾಗಿ ತೂರಿಸಿದರೆ ನಿಂತಿದ್ದ ಬೆಳಕು ಮತ್ತೆ ಕಾಣುತ್ತದೆ, ಮೂರೂ ಆದರ್ಶ ಹಾಳೆಗಳಾಗಿದ್ದರೆ ಮೊದಲಿನ ಬೆಳಕಿನ ಎಂಟನೆಯ ಒಂದು ಪಾಲು. ಹಾಳೆಗಳ ಸಂಖ್ಯೆ ಹೆಚ್ಚಿಸಿದಾಗ ಬೆಳಕು ಹೆಚ್ಚುವುದು ಮಕ್ಕಳನ್ನು ತಬ್ಬಿಬ್ಬುಗೊಳಿಸುತ್ತದೆ. ಅಲೆಯ ಲೆಕ್ಕದಿಂದ ಇದನ್ನು ವಿವರಿಸಬಹುದು, ಸರಿ. ಆದರೆ ಬರುವುದು ಒಂದೇ ಫೋಟಾನಾದರೆ? ಅರ್ಧ ಫೋಟಾನು ಹಾಯುವಂತಿಲ್ಲ. ಅದು ಹಾಯುತ್ತದೆ ಇಲ್ಲವೇ ಹಾಯುವುದಿಲ್ಲ, ಯಾವುದೆಂದು ಮೊದಲೇ ಹೇಳುವ ನಿಯಮವಿಲ್ಲ, ಇರುವುದು ಎಷ್ಟರ ಮಟ್ಟಿಗೆ ಸಂಭವ ಎಂಬ ಲೆಕ್ಕ ಮಾತ್ರ. ಕ್ವಾಂಟಂ ಸಿದ್ಧಾಂತದ ಕಷ್ಟವೂ ಸೊಗಸೂ ಇಷ್ಟರಲ್ಲಿಯೇ ಇದೆ.

ನಿಜವಾದ ಒಂಟಿ ಫೋಟಾನುಗಳ ಪ್ರಯೋಗವನ್ನು ಶಾಲೆಯಲ್ಲಿ ಮಾಡಲು ಬಾರದು. ಅದಕ್ಕೆ ನನ್ನ ಸಲಹೆ, ಅಂತಹ ಉಪಕರಣವಿರುವ ವಿಶ್ವವಿದ್ಯಾಲಯವೊಂದರಲ್ಲಿ ಡಿಟೆಕ್ಟರುಗಳ ಸದ್ದನ್ನು ಚಿತ್ರೀಕರಿಸಿ, ಎಣಿಕೆಯ ಪಟ್ಟಿಯನ್ನು ಇದ್ದ ಹಾಗೆಯೇ ಮಕ್ಕಳ ಕೈಗೆ ಕೊಟ್ಟು, ಎರಡೂ ಒಟ್ಟಿಗೆ ಸದ್ದು ಮಾಡಿದ್ದು ಎಷ್ಟು ಬಾರಿ ಎಂದು ಅವರಿಂದಲೇ ಎಣಿಕೆ ಮಾಡಿಸಬೇಕು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಕನ್ನಡ ಮಾಧ್ಯಮದ ಮಕ್ಕಳಿಗಾಗಿಯೂ ಪಾಠಗಳನ್ನು ಚಿತ್ರೀಕರಿಸಿದ ಅನುಭವ ರಾಜ್ಯದ ಶಾಲಾ ತಂತ್ರಜ್ಞಾನದ ಕೈಟ್ ಸಂಸ್ಥೆಗೆ ಇದೆ, ಹೈಟೆಕ್ ತರಗತಿಗಳಲ್ಲಿ ಪ್ರೊಜೆಕ್ಟರುಗಳಿವೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಯೋಜನೆಯ, ಕಂಪ್ಯೂಟರಿನಲ್ಲಿ ಪ್ರಯೋಗ ಮಾಡಿ ನೋಡುವ ಉಚಿತ ಅನುಕರಣೆಗಳನ್ನು ಯಾವ ಭಾಷೆಗೂ ತರಲು ಅಧ್ಯಾಪಕರಿಗೆ ಅವಕಾಶವಿದೆ. ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವೂ ವಿದ್ಯಾನಗರದಲ್ಲಿ ಸರ್ಕಾರಿ ಕಾಲೇಜೂ ಇರುವಾಗ ಈ ಜಿಲ್ಲೆಯ ಅಧ್ಯಾಪಕರ ತರಬೇತಿಗೆ ದೂರ ಹೋಗಬೇಕಾಗಿಲ್ಲ.

ಈ ಪಾಠ ಭೌತಶಾಸ್ತ್ರ ಓದಲು ಹೊರಟವರಿಗೆ ಮಾತ್ರ ಬೇಕಾದದ್ದಲ್ಲ ಎಂಬುದಕ್ಕೆ ನಮ್ಮ ಸುತ್ತಲಿನ ಎರಡು ಉದಾಹರಣೆ ಕೊಡಬಹುದು. ಅಂಬಲತ್ತರದ ಸೌರ ಪಾರ್ಕಿನ ಫಲಕಗಳಾಗಲಿ ಮನೆಯ ಮಾಡಿನ ಮೇಲಿನ ಫಲಕಗಳಾಗಲಿ ಸಿಲಿಕಾನಿನವು, 1.1 ಎಲೆಕ್ಟ್ರಾನ್ ವೋಲ್ಟಿಗಿಂತ ಬಡವಾದ ಫೋಟಾನು ಅಲ್ಲಿ ವಿದ್ಯುತ್ತನ್ನು ಕೊಡುವುದಿಲ್ಲ, ಅದಕ್ಕಿಂತ ಶ್ರೀಮಂತವಾದದ್ದರ ಹೆಚ್ಚಿನ ಶಕ್ತಿ ಬಿಸಿಯಾಗಿ ಹೋಗುತ್ತದೆ. ಬಿದ್ದ ಬಿಸಿಲೆಲ್ಲವೂ ವಿದ್ಯುತ್ತಾಗದಿರಲು ಇದು ಒಂದು ಮುಖ್ಯ ಕಾರಣ. ಇನ್ನೊಂದು, ಊರಿಗೆ ಮೊಬೈಲ್ ಟವರ್ ಬಂದಾಗಲೆಲ್ಲ ಏಳುವ ವಿವಾದ. 1800 ಮೆಗಾಹರ್ಟ್ಸ್ ಅಲೆಯ ಒಂದು ಫೋಟಾನಿನ ಶಕ್ತಿ ಕೆಂಪು ಬೆಳಕಿನ ಫೋಟಾನಿನ ಎರಡೂವರೆ ಲಕ್ಷದಲ್ಲಿ ಒಂದು ಪಾಲಿನಷ್ಟು. ಎಕ್ಸ್ ಕಿರಣದಂತೆ ಅಣುಗಳ ಬಂಧ ಮುರಿಯುವ ಶಕ್ತಿ ಅದಕ್ಕಿಲ್ಲ. ತೀವ್ರತೆ ಹೆಚ್ಚಿದರೆ ಅದು ಬಿಸಿ ಮಾಡಬಲ್ಲದು, ಆದ್ದರಿಂದಲೇ ತೀವ್ರತೆಗೆ ಮಿತಿ ಹಾಕಿದ್ದಾರೆ. ಬಣ್ಣದ ಪ್ರಶ್ನೆ ಬೇರೆ, ತೀವ್ರತೆಯ ಪ್ರಶ್ನೆ ಬೇರೆ ಎಂಬ ವಿವೇಕ ಸ್ಟಿಕ್ಕರಿನ ಪ್ರಯೋಗ ಮಾಡಿದ ಮಗುವಿಗೆ ಇರುತ್ತದೆ. ಗ್ರಾಮಸಭೆಯಲ್ಲಿ ಮಾತನಾಡುವ ಹಿರಿಯರಲ್ಲಿ ಎಲ್ಲರಿಗೂ ಇದೆಯೆಂದು ಹೇಳಲಾರೆ.

ಭಾಷೆಯ ವಿಷಯವನ್ನು ಹೇಳದೆ ಮುಂದುವರಿಯಲಾರೆ, ಆದರೆ ಚುಟುಕಾಗಿ ಹೇಳುತ್ತೇನೆ. ಮಂಜೇಶ್ವರ, ಬದಿಯಡ್ಕ, ಪೆರ್ಲ, ಅಡೂರಿನ ಮಕ್ಕಳು ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಆಡಿಕೊಂಡು ಶಾಲೆಗೆ ಬಂದು, ಪುಸ್ತಕದ ಕನ್ನಡವನ್ನು ತಮ್ಮದಾಗಿಸಿಕೊಂಡು ಹತ್ತನೆಯ ತರಗತಿಯವರೆಗೆ ವಿಜ್ಞಾನ ಕಲಿಯುತ್ತಾರೆ. ಮಲಯಾಳ ಮಾಧ್ಯಮದ ಮಗುವಿಗೆ ಪಠ್ಯದ ಹೊರಗೆ, 1962ರಲ್ಲಿ ಆರಂಭವಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಬೆಳೆಸಿದ ವಿಜ್ಞಾನ ಸಾಹಿತ್ಯದ ದೊಡ್ಡ ಬೆಂಬಲವಿದೆ. ನಮ್ಮ ಮಕ್ಕಳಿಗೆ ಪಠ್ಯಪುಸ್ತಕವೇ ಬಹುಮಟ್ಟಿಗೆ ಸರ್ವಸ್ವ. ಪ್ಲಸ್ ಟುವಿನ ಪುಸ್ತಕ ಇಂಗ್ಲಿಷಿನಲ್ಲಿರುವುದನ್ನು ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ. ವಿಚಿತ್ರವಾದ ಒಂದು ವಿಚಾರವನ್ನು ಮೊದಲ ಬಾರಿಗೆ ಕೇಳುವಾಗ ಅದು ತಾನು ವಾದ ಮಾಡಬಲ್ಲ ಭಾಷೆಯಲ್ಲಿ ಇರಲಿ, ಅದೇ ವಿಚಾರ ಎರಡು ವರ್ಷಗಳ ಬಳಿಕ ಇಂಗ್ಲಿಷಿನಲ್ಲಿ ಎದುರಾದಾಗ ಹೊಸದಾಗಿರುವುದು ಭಾಷೆ ಮಾತ್ರವಾಗಿರಲಿ ಎಂಬುದಷ್ಟೇ ಕೋರಿಕೆ. ಕನ್ನಡ ಮಾಧ್ಯಮದ ವಿಜ್ಞಾನ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕು ಎಂಬ ಈ ಜಿಲ್ಲೆಯ ಹಳೆಯ ಬೇಡಿಕೆಯೂ ಇದರಲ್ಲಿ ಸೇರಿದೆ; ‘ಹೇಳುವವರು ಯಾರು ಸರ್’ ಎಂಬ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳಲಾರದವರು ಅದಕ್ಕೆ ಉತ್ತರಿಸುವುದು ಹೇಗೆ?

ಹಾಗಾಗಿ ಒಂಬತ್ತು ಅಥವಾ ಹತ್ತನೆಯ ತರಗತಿಯ ಬೆಳಕಿನ ಪಾಠಗಳ ಕೊನೆಗೆ, ಮಲಯಾಳ, ಕನ್ನಡ, ತಮಿಳು ಮಾಧ್ಯಮಗಳಲ್ಲಿ ಏಕಕಾಲಕ್ಕೆ, ಹತ್ತು ಹನ್ನೆರಡು ಪುಟಗಳ ಒಂದು ಅಧ್ಯಾಯವನ್ನು ಸೇರಿಸಬೇಕು. ಕನ್ನಡದ ಪಾಠವನ್ನು ಇಂಗ್ಲಿಷಿನಿಂದ ಅವಸರದಲ್ಲಿ ಅನುವಾದಿಸದೆ, ಈ ಜಿಲ್ಲೆಯಲ್ಲಿ ಪಾಠ ಮಾಡುವವರಿಂದ ಬರೆಸಿ, ಮುದ್ರಣಕ್ಕೆ ಹೋಗುವ ಮೊದಲು ಇಲ್ಲಿನ ಕೆಲವು ಶಾಲೆಗಳಲ್ಲಿ ಓದಿಸಿ ನೋಡಬೇಕು. ಮೇಲೆ ಹೇಳಿದ ಸಾಮಗ್ರಿಗಳ ಒಂದು ಪೆಟ್ಟಿಗೆಯನ್ನು ಪ್ರತಿ ಹೈಸ್ಕೂಲಿಗೂ ಒದಗಿಸಬೇಕು. ಅದರಲ್ಲಿ ದುಬಾರಿಯಾದದ್ದು ಮಲ್ಟಿಮೀಟರ್, ಅದು ಬಹುತೇಕ ಶಾಲೆಗಳಲ್ಲಿ ಈಗಲೇ ಇದೆ. ನೇರಳೆ ಟಾರ್ಚನ್ನಾಗಲಿ ಲೇಸರನ್ನಾಗಲಿ ಕಣ್ಣಿಗೆ ಹಿಡಿಯಬಾರದೆಂಬುದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಅಚ್ಚು ಹಾಕಿಸಬೇಕು. ಅಧ್ಯಾಪಕರ ರಜಾಕಾಲದ ತರಬೇತಿಯಲ್ಲಿ ಒಂದು ಪೂರ್ತಿ ದಿನವನ್ನು ಈ ಪ್ರಯೋಗಗಳಿಗೆ ಬಿಡಬೇಕು, ಉಪನ್ಯಾಸಕ್ಕಲ್ಲ.

ಪ್ರಶ್ನೆಪತ್ರಿಕೆ ಬದಲಾಗದಿದ್ದರೆ ಇದೆಲ್ಲವೂ ವ್ಯರ್ಥ ಎಂಬುದು ಅಧ್ಯಾಪಕರೆಲ್ಲರಿಗೂ ತಿಳಿದದ್ದೇ. ‘ಬೆಳಕಿನ ಇಬ್ಬಗೆಯ ಸ್ವಭಾವವನ್ನು ವಿವರಿಸಿ’ ಎಂದು ಕೇಳಿದರೆ ಬಾಯಿಪಾಠವೇ ಉತ್ತರವಾಗಿ ಬರುತ್ತದೆ. ಸೋಡಿಯಂ ಫಲಕದಿಂದ ಎಲೆಕ್ಟ್ರಾನನ್ನು ಬಿಡಿಸಲು 2.3 ಎಲೆಕ್ಟ್ರಾನ್ ವೋಲ್ಟ್ ಬೇಕೆಂದು ಕೊಟ್ಟು, 650 ನ್ಯಾನೋಮೀಟರಿನ ದೀಪದ ಸಂಖ್ಯೆಯನ್ನು ಹತ್ತು ಪಟ್ಟು ಮಾಡಿದರೆ ಏನಾಗುತ್ತದೆ, 450 ನ್ಯಾನೋಮೀಟರಿನ ಒಂದೇ ದೀಪ ಇಟ್ಟರೆ ಏನಾಗುತ್ತದೆ ಎಂದು ಕೇಳಿ ನೋಡಿ. ಎರಡು ಡಿಟೆಕ್ಟರುಗಳ ಎಣಿಕೆಯ ಪಟ್ಟಿ ಕೊಟ್ಟು, ಇದು ಮಬ್ಬು ದೀಪದ ಬೆಳಕೇ ಅಥವಾ ಒಂಟಿ ಫೋಟಾನುಗಳೇ ಎಂದು ಕಾರಣಸಹಿತ ಹೇಳಲು ಕೇಳಿ. ಉತ್ತರ ಒಂದೇ ವಾಕ್ಯದ್ದಿರಬಹುದು, ಅದನ್ನು ಬರೆಯಲು ಅರ್ಥವಾಗಿರಲೇಬೇಕು.

ದೇಶದಲ್ಲಿ 2023ರ ಏಪ್ರಿಲ್‌ನಲ್ಲಿ ಆರು ಸಾವಿರ ಕೋಟಿ ರೂಪಾಯಿಗೂ ಮೀರಿದ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಮಂಜೂರಾತಿ ದೊರೆತಿದೆ, 2025ನ್ನು ವಿಶ್ವಸಂಸ್ಥೆ ಕ್ವಾಂಟಂ ವಿಜ್ಞಾನದ ವರ್ಷವಾಗಿ ಆಚರಿಸಿತು. ಅವುಗಳ ಹೆಸರಿನಲ್ಲಿ ಶಾಲೆಗಳಲ್ಲಿ ರಸಪ್ರಶ್ನೆಗಳು ನಡೆದರೆ ಸಾಲದು. ಪ್ರತಿ ವರ್ಷ ಫೆಬ್ರವರಿ 28ರಂದು ವಿಜ್ಞಾನ ದಿನಾಚರಣೆ ಮಾಡುವಾಗ 1928ರಲ್ಲಿ ರಾಮನ್ ಕಂಡದ್ದು ಏನು ಎಂದು ಹೇಳಲು ಫೋಟಾನು ಬೇಕೇ ಬೇಕು: ಒಳಗೆ ಬಂದ ಫೋಟಾನು ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅಣುವಿಗೆ ಕೊಟ್ಟು ಬಣ್ಣ ಬದಲಿಸಿ ಹೊರಡುತ್ತದೆ. ಢಾಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಫೋಟಾನುಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸಲಾಗದವು ಎಂದು ಎಣಿಸಿಯೇ ಪ್ಲಾಂಕರ ನಿಯಮವನ್ನು ಹೊಸದಾಗಿ ಪಡೆದರು, ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್ ಭಾಷೆಗೆ ತಂದು ಪ್ರಕಟಿಸಿದರು. ಕಡಲೆಕಾಳಿನ ಚಿತ್ರ ಹಿಡಿದುಕೊಂಡ ಮಗುವಿಗೆ ಬೋಸರು ಮಾಡಿದ ಎಣಿಕೆ ಎಂದಿಗೂ ಅರ್ಥವಾಗದು.

ಜಿಲ್ಲೆಯಲ್ಲಿ ಮುಂದಿನ ರಜಾಕಾಲದ ತರಬೇತಿಯನ್ನು ಏರ್ಪಡಿಸುವಾಗ ಮೇಲಿನ ಪ್ರಯೋಗಗಳನ್ನು ಸಾಮಗ್ರಿಸಹಿತ ಮಾಡಿ ತೋರಿಸಲು ನಾನು ಸಿದ್ಧನಿದ್ದೇನೆ. ಪಾಠದ ಕನ್ನಡ ಕರಡನ್ನು ಬರೆದುಕೊಡಲು ಇಲ್ಲಿನ ಕೆಲವು ಸಹೋದ್ಯೋಗಿಗಳೂ ಒಪ್ಪಿದ್ದಾರೆ. ಪಠ್ಯಪುಸ್ತಕಗಳ ಮುಂದಿನ ಪರಿಷ್ಕರಣೆಯ ವೇಳಾಪಟ್ಟಿಯನ್ನೂ ಸಲಹೆ ಸಲ್ಲಿಸಲು ಕೊನೆಯ ದಿನಾಂಕವನ್ನೂ ಕನ್ನಡದಲ್ಲಿ ಪ್ರಕಟಿಸಿದರೆ ಕರಡನ್ನು ಅದಕ್ಕೆ ಮೊದಲೇ ತಲುಪಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಭೌತಶಾಸ್ತ್ರದ ಒಬ್ಬ ಅಧ್ಯಾಪಕ,
ಬದಿಯಡ್ಕ, ಕಾಸರಗೋಡು ಜಿಲ್ಲೆ